ಲಿಫ್ಟಿನಲ್ಲಿ ಕಲಿತ ಸ್ಪ್ಯಾನಿಷ್

ಸ್ಪ್ಯಾನಿಷ್ಷೇ ಯಾಕೆ ಎಂದು ಆಮೇಲೆ ಎಲ್ಲರೂ ಕೇಳಿದರು. ರಟ್ಟಿನ ಪೆಟ್ಟಿಗೆಯಲ್ಲಿ ಅದೇ ಮೇಲಿತ್ತು, ಅದಕ್ಕೆ. ಫ್ರೆಂಚ್ ಮೇಲಿದ್ದಿದ್ದರೆ ಫ್ರೆಂಚ್ ಕಲಿಯುತ್ತಿದ್ದೆ, ಹೊಲಿಗೆ ಪುಸ್ತಕವಿದ್ದಿದ್ದರೆ ಹೊಲಿಗೆ. ಆಗ ನನಗೆ ನಲವತ್ತೊಂದು. ಆ ವಯಸ್ಸಿನಲ್ಲಿ ಹೆಂಗಸು ಏನಾದರೂ ಕಲಿಯಹೊರಟರೆ ಜನ ಕಾರಣ ಕೇಳುತ್ತಾರೆ. ಏನೂ ಕಲಿಯದೆ ಕೂತರೆ ಯಾರೂ ಕೇಳುವುದಿಲ್ಲ.

ನಾನು ಹನ್ನೆರಡು ಮಹಡಿಯ ಹಳೇ ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದೆ. ಗುಂಡಿ ಒತ್ತಿದರೆ ತಾನೇ ಹೋಗುವ ಈಗಿನ ಲಿಫ್ಟಲ್ಲ. ಮಡಚುವ ಕಬ್ಬಿಣದ ಬಾಗಿಲು, ಹಿತ್ತಾಳೆಯ ಹಿಡಿ, ಮೂಲೆಯಲ್ಲಿ ನನಗೊಂದು ಸ್ಟೂಲು. ಆರು ಜನ ನಿಂತರೆ ಏಳನೆಯವರು ಹೊಟ್ಟೆ ಒಳಗೆ ಎಳೆದುಕೊಳ್ಳಬೇಕು. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ ಹತ್ತುತ್ತಿದ್ದೆ, ಇಳಿಯುತ್ತಿದ್ದೆ, ಎಲ್ಲಿಗೂ ಹೋಗುತ್ತಿರಲಿಲ್ಲ. ತಲೆಯ ಮೇಲೆ ಮೂಲೆಯಲ್ಲಿ ಒಂದು ಕ್ಯಾಮೆರಾ. ಅದರ ಇನ್ನೊಂದು ತುದಿಯಲ್ಲಿ, ನೆಲಮಾಳಿಗೆಯ ಕೋಣೆಯೊಳಗೆ, ಹದಿನಾರು ಪರದೆಗಳ ಮುಂದೆ ನಮ್ಮವರು.

ನಮ್ಮವರೆಂದರೆ ನನ್ನ ಗಂಡ. ಕಟ್ಟಡದ ಕ್ಯಾಮೆರಾಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ನನಗೆ ಈ ಲಿಫ್ಟಿನ ಕೆಲಸ ಕೊಡಿಸಿದವರೂ ಅವರೇ. "ಕಣ್ಣೆದುರಿಗೇ ಇರ್ತೀಯ, ನಂಗೂ ನೆಮ್ಮದಿ" ಅಂದಿದ್ದರು. ಕುಡಿಯುವವರಲ್ಲ, ಕೈ ಎತ್ತುವವರಲ್ಲ, ದನಿ ಎತ್ತುವವರೂ ಅಲ್ಲ. ದೂರು ಹೇಳೋಣವೆಂದರೆ ಎಲ್ಲೂ ಹಿಡಿ ಸಿಗದ ಮನುಷ್ಯ. ಪಾಳಿಯಲ್ಲಿ ಕಂಡದ್ದನ್ನು ಗಂಟೆ ನಿಮಿಷ ಹಾಕಿ ರಿಜಿಸ್ಟರಿನಲ್ಲಿ ಬರೆಯಬೇಕೆಂಬುದು ಅವರ ಕೆಲಸದ ನಿಯಮ. ಬೇರೆಯವರು ನಾಲ್ಕು ಸಾಲು ಗೀಚುವ ಕಡೆ ಇವರು ಎರಡು ಪುಟ ತುಂಬಿಸುತ್ತಿದ್ದರು. ಮನೆಯಲ್ಲಿ ಊಟಕ್ಕೆ ಕೂತಾಗ ಅದೆಲ್ಲ ಬಾಯಿಪಾಠವಾಗಿ ಹೊರಗೆ ಬರುತ್ತಿತ್ತು. ಹನ್ನೊಂದು ಇಪ್ಪತ್ತಕ್ಕೆ ಒಂಬತ್ತನೇ ಮಹಡಿಯ ದಂತವೈದ್ಯರು ಏನೋ ಹೇಳಿದರು, ನೀನು ನಕ್ಕೆ, ಏನು ಹೇಳಿದರು? ನಾನು ನೆನಪು ಮಾಡಿಕೊಂಡು ಹೇಳಬೇಕು. ನೆನಪಿಲ್ಲವೆಂದರೆ ಬೈಯುತ್ತಿರಲಿಲ್ಲ, ಅರ್ಧ ಊಟಕ್ಕೇ ಕೈ ತೊಳೆದು ಎದ್ದುಹೋಗುತ್ತಿದ್ದರು. ಆ ಉಳಿದ ತಟ್ಟೆಯ ಮುಂದೆ ತಪ್ಪಿತಸ್ಥಳಾಗಿ ಕೂರುವುದಕ್ಕಿಂತ ನಗದೇ ಇರುವುದು ಲೇಸು ಎಂದು ನಾನು ಎಷ್ಟೋ ವರ್ಷ ನಕ್ಕಿರಲಿಲ್ಲ.

ಏಳನೇ ಮಹಡಿಯಲ್ಲಿದ್ದ ಭಾಷೆ ಕಲಿಸುವ ಸಂಸ್ಥೆ ಮುಚ್ಚಿಹೋದಾಗ ಅದರ ಸಾಮಾನು ಇಳಿದದ್ದು ನನ್ನ ಲಿಫ್ಟಿನಲ್ಲೇ. ಕೊನೆಯ ಪೆಟ್ಟಿಗೆಯಲ್ಲಿ ಯಾರಿಗೂ ಬೇಡವಾದ ಪುಸ್ತಕಗಳಿದ್ದವು, ಬೇಕಾದರೆ ತಗೋ ಅಂದರು. ಮೇಲಿದ್ದದ್ದನ್ನು ತೆಗೆದುಕೊಂಡೆ. ಮೇಷ್ಟರಿಲ್ಲದೆ ಸ್ಪ್ಯಾನಿಷ್ ಕಲಿಯುವವರಿಗಾಗಿ ಬರೆದ ಮೂವತ್ತು ಪಾಠಗಳ ಪುಸ್ತಕ. ಅದನ್ನು ಪೆಟ್ಟಿಗೆಯ ಮರೆಯಲ್ಲೇ ಸ್ಟೂಲಿನ ದಿಂಬಿನ ಕೆಳಗಿಟ್ಟು ಅದರ ಮೇಲೆ ಕೂತೆ. ಕ್ಯಾಮೆರಾಕ್ಕೆ ನಾನು ಕಾಣುತ್ತಿದ್ದೆ, ನಾನು ಯಾವುದರ ಮೇಲೆ ಕೂತಿದ್ದೆನೋ ಅದು ಕಾಣುತ್ತಿರಲಿಲ್ಲ.

ಲಿಫ್ಟಿನಲ್ಲಿ ಪುಸ್ತಕ ತೆರೆಯುವ ಹಾಗಿಲ್ಲ, ತುಟಿ ಆಡಿಸುವ ಹಾಗೂ ಇಲ್ಲ. ಹಾಗಾಗಿ ನನ್ನದೇ ಒಂದು ದಾರಿ ಹುಡುಕಿಕೊಂಡೆ. ಕಟ್ಟಡವನ್ನೇ ಕಪಾಟು ಮಾಡಿ ಒಂದೊಂದು ಮಹಡಿಯಲ್ಲಿ ಒಂದೊಂದು ಬಗೆಯ ಪದಗಳನ್ನು ಜೋಡಿಸಿಟ್ಟೆ. ಒಂದರಲ್ಲಿ ನಮಸ್ಕಾರಗಳು, ಎರಡರಲ್ಲಿ ಅಡುಗೆಮನೆ, ಮೂರರಲ್ಲಿ ನೆಂಟರು, ನಾಲ್ಕರಲ್ಲಿ ಬಟ್ಟೆಬರೆ. ಲಿಫ್ಟ್ ಆ ಮಹಡಿ ದಾಟುವಷ್ಟರಲ್ಲಿ ಅಲ್ಲಿನ ಪದಗಳನ್ನೆಲ್ಲ ಮನಸ್ಸಿನಲ್ಲೇ ಹೇಳಿ ಮುಗಿಸಬೇಕು, ಮುಗಿಯದಿದ್ದರೆ ನಾನು ಸೋತೆ. ಹತ್ತುವಾಗ ವರ್ತಮಾನಕಾಲ, ಇಳಿಯುವಾಗ ಭೂತಕಾಲ. ಭವಿಷ್ಯತ್ಕಾಲಕ್ಕೆ ಜಾಗವೇ ಉಳಿದಿರಲಿಲ್ಲ. ಲಿಫ್ಟ್ ಎರಡು ಮಹಡಿಗಳ ನಡುವೆ ಕೆಟ್ಟು ನಿಂತಾಗ ಮಾತ್ರ ಅದನ್ನು ಅಭ್ಯಾಸ ಮಾಡುತ್ತಿದ್ದೆ. ಡೊಳ್ಳುಹೊಟ್ಟೆಯ ವಕೀಲರು ಹತ್ತಿದರೆ ಗುಣವಾಚಕಗಳು. ದಂತವೈದ್ಯರು ಹತ್ತಿದರೆ ಆಜ್ಞೆಗಳು: ಬಾಯಿ ತೆರೆ, ಕಚ್ಚು, ಉಗುಳು. ಹಿಂದೆ ಎಂಟು ಗಂಟೆ ಎಂಟು ದಿನದ ಹಾಗೆ ಎಳೆಯುತ್ತಿತ್ತು, ಈಗ ಮೂರು ಗಂಟೆ ಯಾಕಾದರೂ ಆಯಿತೋ ಅನ್ನಿಸತೊಡಗಿತು. ಬಾಯಿ ಮುಚ್ಚಿಕೊಂಡು ಇಷ್ಟು ಮಜಾ ಮಾಡಬಹುದೆಂದು ನನಗೆ ಯಾರೂ ಹೇಳಿರಲಿಲ್ಲ.

ಉಚ್ಚಾರ ಕಲಿಸಿದವರು ಐದನೇ ಮಹಡಿಯ ಮೇಡಂ. ಅವರದು ಪ್ರವಾಸ ಏಜೆನ್ಸಿ. ಆ ಭಾಷೆಯ ದೇಶವೊಂದರಲ್ಲಿ ಹತ್ತು ವರ್ಷ ಇದ್ದು ಬಂದವರು. ನನ್ನ ಊಟದ ಬಿಡುವಿನಲ್ಲಿ ಅವರ ಓವನ್ನಿನಲ್ಲಿ ಡಬ್ಬಿ ಬಿಸಿ ಮಾಡಿಕೊಳ್ಳುತ್ತೇನೆಂದು ಮನೆಯಲ್ಲಿ ಹೇಳಿದ್ದೆ, ಅದು ಸುಳ್ಳೂ ಅಲ್ಲ. ಅವರ ಕಚೇರಿಯ ಒಳಗೆ ಕ್ಯಾಮೆರಾ ಇರಲಿಲ್ಲ. ಡಬ್ಬಿ ಬಿಸಿಯಾಗುವಷ್ಟು ಹೊತ್ತು ಮಕ್ಕಳ ಕಾರ್ಟೂನು ಹಾಕುತ್ತಿದ್ದರು, ನಿಧಾನವಾಗಿ ಓದುವ ವಾರ್ತೆ ಕೇಳಿಸುತ್ತಿದ್ದರು, ಹಾಡು ಹಾಕಿ ಜೊತೆಗೆ ಹಾಡು ಎಂದು ಜೋರು ಮಾಡುತ್ತಿದ್ದರು. ಹಾಡಲು ಹೋಗಿ ನಾನು ಕೆಮ್ಮಿದೆ. ಪಾಠದ ಸಂಭಾಷಣೆಗಳನ್ನು ಅಲ್ಲೇ ಕೂತು ಒಂದು ಸಣ್ಣ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದೆ. ಪುಸ್ತಕದ ಪರದೇಶಿ ಹೆಸರುಗಳು ಉದ್ದವಾಗುತ್ತವೆಂದು ಒಬ್ಬನಿಗೆ ಅ, ಒಬ್ಬಳಿಗೆ ಬ ಎಂದಷ್ಟೇ ಬರೆದುಕೊಂಡಿದ್ದೆ.

ಒಂದು ವರ್ಷ ಕಳೆಯುವಷ್ಟರಲ್ಲಿ ಮೇಡಂ ಮತ್ತು ನಾನು ಲಿಫ್ಟಿನಲ್ಲಿ ಸ್ಪ್ಯಾನಿಷ್ಷಿನಲ್ಲೇ ಮಾತಾಡುವಂತಾದೆವು. ಕ್ಯಾಮೆರಾಕ್ಕೆ ಕಿವಿ ಇರಲಿಲ್ಲ, ಊಟದ ಹೊತ್ತಿಗೆ ನಮ್ಮವರು ಕೇಳಿದರೆ ಅಡುಗೆಯ ಮಾತು ಅನ್ನುತ್ತಿದ್ದೆ. ಹಾಗೆ ಒಂದು ದಿನ ಅವರು ಕೇಳಿದರು. ರೈಲಿನಲ್ಲಿ ಆರು ಗಂಟೆ ದೂರದ ಸಮುದ್ರದ ಊರಿನಲ್ಲಿ ಇನ್ನೊಂದು ಕಚೇರಿ ತೆರೆಯುತ್ತಿದ್ದೇನೆ, ಅಲ್ಲಿಗೆ ಬರುವ ಪ್ರವಾಸಿಗರಲ್ಲಿ ಸ್ಪ್ಯಾನಿಷ್‌ನವರೇ ಹೆಚ್ಚು, ಫೋನಿನಲ್ಲಿ ಮಾತಾಡಲು ನೀನು ಸಾಕು, ಮೇಲ್ಗಡೆ ಒಂದು ಕೋಣೆಯಿದೆ, ಬೀಗದ ಕೈ ನಿನ್ನದೇ. ನಾನು ನೋಡೋಣ ಅಂದೆ. ಮೂರು ತಿಂಗಳು ನೋಡೋಣ ಅನ್ನುತ್ತಲೇ ಇದ್ದೆ. ಹೋಗುವುದಿಲ್ಲವೆಂದು ಗೊತ್ತಿತ್ತು. ಮದುವೆಯಾದ ಹನ್ನೊಂದು ವರ್ಷದಲ್ಲಿ ನಾನು ಒಬ್ಬಳೇ ಔಷಧಿ ಅಂಗಡಿಗೂ ಹೋದವಳಲ್ಲ.

ನೋಟ್‌ಬುಕ್ ನಮ್ಮವರ ಕೈಗೆ ಸಿಕ್ಕಿದ್ದು ಡಬ್ಬಿಯ ಚೀಲದಲ್ಲಿ. ಸಿಕ್ಕಿದ್ದು ನನಗೆ ತಿಳಿಯಲಿಲ್ಲ. ಒಂದು ವಾರ ಅವರು ಮಾತು ಕಡಿಮೆ ಮಾಡಿದರು, ಊಟದಲ್ಲಿ ಪ್ರಶ್ನೆಗಳೂ ನಿಂತವು. ಹಲ್ಲುನೋವೇನೋ ಅಂದುಕೊಂಡು ಮೆತ್ತಗೆ ಬೇಯಿಸಿ ಹಾಕಿದೆ. ಭಾನುವಾರ ಭಾವನವರ ಮನೆಗೆ ಹೋಗೋಣ ಅಂದರು. ಭಾವ ಅಂದರೆ ನಮ್ಮವರ ಅಣ್ಣ, ಕೋರ್ಟಿನ ಗುಮಾಸ್ತರಾಗಿ ನಿವೃತ್ತರಾದವರು. ಅವರ ಮನೆಯಲ್ಲಿ ಏನೇ ತಕರಾರು ಬಂದರೂ ಕನ್ನಡಕ ಒರೆಸಿಕೊಂಡು ವಿಚಾರಣೆ ನಡೆಸುತ್ತಾರೆ, ಇಸ್ತ್ರಿಯವನು ಅಂಗಿ ಸುಟ್ಟರೂ ಸಾಕ್ಷಿ ಬೇಕು. ಹೋಗಿ ನೋಡಿದರೆ ಅತ್ತೆ ಕೂತಿದ್ದಾರೆ, ಇನ್ನೊಂದು ಊರಿನಿಂದ ನನ್ನ ಅಣ್ಣನೂ ಬಂದು ಕೂತಿದ್ದಾನೆ. ಅಣ್ಣ ನನ್ನ ಮುಖ ನೋಡಲಿಲ್ಲ.

ನಮ್ಮವರು ರಿಜಿಸ್ಟರ್ ತೆರೆದು ಓದಿದರು. ನನ್ನ ನೋಟ್‌ಬುಕ್ಕಿನ ಪುಟಗಳ ಫೋಟೋ ತೆಗೆದು, ಫೋನಿನಲ್ಲಿ ಕನ್ನಡ ಮಾಡಿಸಿ, ಅದನ್ನು ಚೊಕ್ಕವಾಗಿ ಬರೆದುಕೊಂಡಿದ್ದರು. ಗುರುವಾರ ಹತ್ತು ಗಂಟೆಗೆ ನಿಲ್ದಾಣದಲ್ಲಿ ನಿನಗಾಗಿ ಕಾಯುವೆನು, ಎಂದು ಅ. ನನ್ನ ಕೆಂಪು ಪೆಟ್ಟಿಗೆಯೊಂದಿಗೆ ನಾನು ಬರುವೆನು, ಎಂದು ಬ. ನಿನ್ನ ಗಂಡ ಎಲ್ಲಿದ್ದಾನೆ? ನನ್ನ ಗಂಡ ಟೋಪಿ ಕೊಳ್ಳಲು ಮಾರುಕಟ್ಟೆಗೆ ಹೋಗಿದ್ದಾನೆ. ಒಳ್ಳೆಯದು, ನನ್ನ ಚಿಕ್ಕಪ್ಪನ ಬಳಿ ಮೂರು ಕುದುರೆಗಳಿವೆ.

ಅಲ್ಲಿಗೆ ಬಂದಾಗ ನಮ್ಮವರು ರಿಜಿಸ್ಟರಿನಿಂದ ತಲೆ ಎತ್ತಿದರು. "ನಾನು ಟೋಪಿ ಹಾಕೋದೇ ಇಲ್ವಲ್ಲ" ಅಂದರು.

ಕುದುರೆ ಸಾಕುವವರೆಂದರೆ ಅನುಕೂಲಸ್ಥರೇ ಇರಬೇಕು ಎಂದು ಅತ್ತೆ ತಮ್ಮಷ್ಟಕ್ಕೆ ಹೇಳಿಕೊಂಡರು. ಭಾವ ಅವರನ್ನು ಕಣ್ಣಿನಲ್ಲೇ ಸುಮ್ಮನಾಗಿಸಿ ನನ್ನ ಕಡೆ ತಿರುಗಿದರು. "ನೀನೇ ಹೇಳಮ್ಮ, ಯಾರು ಈ ಅ?"

ನನಗೆ ನಗು ಬರಬೇಕಿತ್ತು. ಆದರೆ ಅಷ್ಟರಲ್ಲಿ ನಮ್ಮವರು ಮುಂದಿನ ಪುಟ ಓದಿದರು. ಆ ಗುರುವಾರ ಅವರು ರಜೆ ಹಾಕಿದ್ದರು. ನನ್ನನ್ನು ಲಿಫ್ಟಿನ ತನಕ ಬಿಟ್ಟು, ನೆಲಮಾಳಿಗೆಗೆ ಇಳಿಯುವವರ ಹಾಗೆ ಮೆಟ್ಟಿಲಿನವರೆಗೆ ಹೋಗಿ, ಹಿಂಬಾಗಿಲಿನಿಂದ ಹೊರಬಿದ್ದು ರೈಲು ನಿಲ್ದಾಣಕ್ಕೆ ಹೋಗಿದ್ದರು. ಒಂಬತ್ತೂವರೆಯಿಂದ ಹನ್ನೆರಡೂವರೆಯವರೆಗೆ ಅಲ್ಲಿ ಕಾದು, ಒಂಟಿಯಾಗಿ ನಿಂತ ಗಂಡಸರನ್ನೆಲ್ಲ ಹೊತ್ತುಗೊತ್ತು ಸಮೇತ ಬರೆದುಕೊಂಡಿದ್ದರು. ಪಾಪ ಅನ್ನಿಸಿತು. ಸಿಟ್ಟೂ ಬಂತು. ಆ ಗುರುವಾರ ಲಿಫ್ಟಿನಲ್ಲಿ ನಾನು ಹೇಗಿದ್ದೆನೆಂದು ನನಗೆ ನೆನಪಿತ್ತು. ಬೆನ್ನು ನೆಟ್ಟಗೆ, ತುಟಿ ಬಿಗಿ, ಕೈ ತೊಡೆಯ ಮೇಲೆ. ಯಾರೂ ನೋಡದ ಕ್ಯಾಮೆರಾದ ಮುಂದೆ ಎಂಟು ಗಂಟೆ ಒಳ್ಳೆಯ ಹೆಂಡತಿಯಾಗಿ ಕೂತಿದ್ದೆ. ಅವರು ಅಲ್ಲಿಲ್ಲದಾಗಲೂ ನಾನು ಒಳಗೇ ಇದ್ದೆ.

ಕದ್ದು ಓದಲೆಂದು ಪುಸ್ತಕವನ್ನು ಆ ವಾರ ಸ್ಟೂಲಿನಿಂದ ನನ್ನ ಕೈಚೀಲಕ್ಕೆ ಸಾಗಿಸಿದ್ದೆ. ತೆಗೆದು ಹದಿನಾಲ್ಕನೇ ಪಾಠ ತೋರಿಸಿದೆ. ಭಾವ ನೋಟ್‌ಬುಕ್ಕನ್ನೂ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ಅಕ್ಷರ ಅಕ್ಷರವಾಗಿ ಬೆರಳಿಟ್ಟು ಹೋಲಿಸಿದರು. ನಿಲ್ದಾಣದ ಚಿತ್ರವಿತ್ತು, ಕೆಂಪು ಪೆಟ್ಟಿಗೆಯಿತ್ತು, ಪುಟ ತಿರುವಿದರೆ ಮೂರು ಕುದುರೆಗಳೂ ನಿಂತಿದ್ದವು. ಕನ್ನಡಕ ತೆಗೆದು, ಇದು ಪಾಠ ಕಣೋ, ಪ್ರೇಮವಲ್ಲ ಎಂದು ತೀರ್ಪು ಕೊಟ್ಟರು. ಅಣ್ಣ ಜೋರಾಗಿ ಉಸಿರು ಬಿಟ್ಟು, ನಿನಗೋಸ್ಕರ ಮೂರು ಗಂಟೆ ನಿಲ್ದಾಣದಲ್ಲಿ ಕಾಯುವ ಗಂಡ ಎಷ್ಟು ಜನಕ್ಕೆ ಸಿಕ್ಕುತ್ತಾನೆ ಎಂದು ನನಗೇ ಬುದ್ಧಿ ಹೇಳಿದ. ಅವನ ಮನೆಯ ಬಾಗಿಲೂ ಅಲ್ಲಿಗೆ ಮುಚ್ಚಿತು. ಅತ್ತೆಗೆ ಮಾತ್ರ ಕುದುರೆಗಳು ಕೈತಪ್ಪಿದ ಬೇಸರ ಸ್ವಲ್ಪ ಇತ್ತು.

ಕಡತ ಮುಚ್ಚುವ ಮುಂಚೆ ಭಾವನಿಗೆ ಒಂದು ಹೇಳಿಕೆ ಬೇಕಿತ್ತು. ಎಲ್ಲಿಗೂ ಹೋಗುವುದಿಲ್ಲ ಎಂದು ಎಲ್ಲರೆದುರು ಒಂದು ಮಾತು ಹೇಳಿಬಿಡು ಅಂದರು. "ಯಾವ ಗಂಡಸಿನ ಜೊತೆಗೂ ಹೋಗಲ್ಲ ಭಾವ" ಅಂದೆ. ಕೇಳಿದ್ದು ಬೇರೆ, ಹೇಳಿದ್ದು ಬೇರೆ. ಕೋರ್ಟಿನಲ್ಲಿ ಮೂವತ್ತು ವರ್ಷ ದುಡಿದವರ ಕಿವಿಗೂ ಅದು ಬೀಳಲಿಲ್ಲ. ನನ್ನ ಕಿವಿಗೆ ಬಿತ್ತು. ಆ ಕ್ಷಣದವರೆಗೆ ನಾನು ನಿಜವಾಗಿ ಹೋಗಬೇಕೆಂದುಕೊಂಡಿರಲಿಲ್ಲ.

ನಮ್ಮವರು ಅತ್ತರು. ಎಲ್ಲರೆದುರೇ ಫೋನ್ ತೆಗೆದು ಆ ಕನ್ನಡ ಮಾಡುವ ಆ್ಯಪನ್ನು ಅಳಿಸಿದರು. ಇನ್ನು ಮುಂದೆ ನಿನ್ನ ಒಂದಕ್ಷರವನ್ನೂ ಫೋನಿಗೆ ತೋರಿಸುವುದಿಲ್ಲ ಎಂದು ಅವರ ತಾಯಿಯ ಮೇಲೆ ಆಣೆಯಿಟ್ಟರು. ಆಮೇಲೆ ನನ್ನ ಕೈ ಹಿಡಿದುಕೊಂಡು ಹೇಳಿದರು. "ನಿಂಗೆ ಇಷ್ಟು ಇಷ್ಟ ಅಂತ ನಂಗೆ ಗೊತ್ತೇ ಇರ್ಲಿಲ್ಲ. ನಾಳೆಯಿಂದ ನಾನೂ ಕಲೀತೀನಿ. ಇಬ್ರೂ ಒಟ್ಟಿಗೆ ಕಲಿಯೋಣ."

ಎಲ್ಲರೂ ಮೆಚ್ಚಿ ತಲೆದೂಗಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಪುಸ್ತಕ ಸುಟ್ಟಿದ್ದರೆ ತಲೆಯೊಳಗಿನದು ಉಳಿಯುತ್ತಿತ್ತು. ಅವರು ಹೆಜ್ಜೆ ಇಡದ ಜಾಗ ಅದೊಂದೇ ಇತ್ತು, ಅಲ್ಲಿಗೂ ಚಪ್ಪಲಿ ಬಿಟ್ಟು ವಿನಯದಿಂದ ಒಳಗೆ ಬರುತ್ತಿದ್ದರು. ಬೇಡ ಅನ್ನಲು ನನ್ನ ಬಳಿ ಒಂದು ಕಾರಣವೂ ಇರಲಿಲ್ಲ.

ಅವರು ಕಲಿಯುವುದೆಂದರೆ ರಿಜಿಸ್ಟರ್ ಬರೆದ ಹಾಗೆಯೇ. ಮರುದಿನವೇ ಮನೆಯ ಒಂದೊಂದು ಸಾಮಾನಿಗೂ ಹಳದಿ ಚೀಟಿ ಅಂಟಿತು. ಬಾಗಿಲು, ಕನ್ನಡಿ, ಸೌಟು, ಬಕೆಟ್ಟು, ಔಷಧಿ ಡಬ್ಬಿ. ಚೀಟಿ ಓದದೆ ಬಕೆಟ್ ಮುಟ್ಟಿದರೆ ಮೃದುವಾಗಿ ಕೆಮ್ಮುತ್ತಿದ್ದರು. ನನ್ನ ಮಹಡಿಗಳ ಉಪಾಯ ಕೇಳಿ ಹಿಗ್ಗಿಹೋದರು, ಯಾವ ಮಹಡಿಯಲ್ಲಿ ಯಾವ ಪದಗಳೆಂದು ಪಟ್ಟಿ ಬರೆಸಿಕೊಂಡರು. ಒಂದೊಂದೇ ಮಹಡಿ ಬಿಟ್ಟುಕೊಟ್ಟೆ. ಎರಡನೇ ಮಹಡಿಯ ಅಡುಗೆಮನೆಯಲ್ಲಿ ಅವರು, ಮೂರನೆಯದರ ನೆಂಟರ ನಡುವೆ ಅವರು. ಲಿಫ್ಟ್ ನಾಲ್ಕನೇ ಮಹಡಿ ದಾಟುವಾಗ ಅಂಗಿ, ಲಂಗ, ಕಾಲುಚೀಲ ಎಂದು ಅವರ ದನಿಯೇ ನನ್ನ ತಲೆಯೊಳಗೆ ಹೇಳುತ್ತಿತ್ತು. ಮೂರು ವಾರಕ್ಕೆ ಒಂಬತ್ತು ಪಾಠ ಮುಗಿಸಿದರು. ನಾನು ಇಪ್ಪತ್ತೆಂಟರಲ್ಲಿದ್ದೆ. ಬೆರಳು ಮಡಚಿ ಎಣಿಸಿದೆ, ಇನ್ನು ಎರಡು ತಿಂಗಳಿಗೆ ಸರಿಸಮ ಬಂದು ನಿಲ್ಲುತ್ತಾರೆ.

ಆ ಸೋಮವಾರ ಬೆಳಿಗ್ಗೆ ಲಿಫ್ಟಿನ ಗೋಡೆಯೊಳಗಿಂದ ಬುಯೆನೋಸ್ ದಿಯಾಸ್ ಎಂದು ದನಿ ಬಂತು. ಶುಭೋದಯ ಅಂತ. ನಾನು ಬೆಚ್ಚಿ ಹಿಡಿ ಬಿಟ್ಟೆ. ಲಿಫ್ಟ್ ಕೆಟ್ಟಾಗ ಒಳಗಿದ್ದವರು ಕೂಗಲೆಂದು ಹಿಂದೆ ಯಾರೋ ಇಟ್ಟಿದ್ದ ಸ್ಪೀಕರನ್ನು ನಮ್ಮವರು ರಿಪೇರಿ ಮಾಡಿಸಿದ್ದರು. ಇನ್ನು ಪಾಳಿಯಲ್ಲೂ ಜೊತೆಗೇ ಅಭ್ಯಾಸ ಮಾಡಬಹುದು ಎಂದು ಗೋಡೆಯೊಳಗಿನ ದನಿ ಸಂತೋಷದಿಂದ ಹೇಳಿತು. ಈಗ ಕ್ಯಾಮೆರಾಕ್ಕೆ ಕಿವಿಯೂ ಬಂದಿತ್ತು, ಬಾಯಿಯೂ ಬಂದಿತ್ತು.

ಒಂಬತ್ತೂವರೆಗೆ ಮೇಡಂ ಹತ್ತಿದರು. ಸ್ಪೀಕರಿನ ವಿಷಯ ಅವರಿಗೆ ಗೊತ್ತಿಲ್ಲ. ಎಂದಿನಂತೆ ಸ್ಪ್ಯಾನಿಷ್ಷಿನಲ್ಲೇ, ಎಂದಿನ ವೇಗದಲ್ಲೇ ಮಾತಾಡಿದರು. ಸಂಜೆಯ ಗಾಡಿಗೆ ತಾವು ಹೊರಡುವುದಾಗಿ, ತಮ್ಮ ಚೀಲದಲ್ಲಿ ಎರಡು ಟಿಕೆಟ್ ಇರುವುದಾಗಿ, ನಾನು ಬರುವುದಿಲ್ಲವೆಂದರೆ ಮಧ್ಯಾಹ್ನವೇ ಬೇರೆಯವಳನ್ನು ಗೊತ್ತು ಮಾಡುವುದಾಗಿ ಹೇಳಿದರು. ಅಷ್ಟು ವೇಗದ ಮಾತು ನಮ್ಮವರ ಕೈಗೆ ಸಿಕ್ಕುವುದಿಲ್ಲವೆಂದು ಗೊತ್ತಿತ್ತು. ಆದರೆ ಉತ್ತರ ನನ್ನದು. ನನ್ನ ದನಿಯ ಒಂದೊಂದು ಅಕ್ಷರಕ್ಕೂ ಅವರು ಕಿವಿಗೊಟ್ಟು ಕೂತಿರುತ್ತಾರೆ.

ಹೌದು ಅನ್ನುವ ಹಾಗಿಲ್ಲ, ಅದು ಒಂದನೇ ಪಾಠ. ಗಂಟೆ ಹೇಳುವ ಹಾಗಿಲ್ಲ, ಅಂಕಿಗಳು ಐದನೇ ಪಾಠ. ಮನೆ, ಗಂಡ, ಇವತ್ತು, ಸಂಜೆ ಯಾವುದನ್ನೂ ಮುಟ್ಟುವ ಹಾಗಿಲ್ಲ, ಒಂಬತ್ತರೊಳಗೆ ಅವೆಲ್ಲ ಬರುತ್ತವೆ. ತಲೆ ಅಲ್ಲಾಡಿಸಿದರೆ ಕ್ಯಾಮೆರಾ. ಇದ್ದ ಪದಗಳನ್ನೆಲ್ಲ ಅವರು ಹಿಡಿದುಕೊಂಡು ಕೂತಿದ್ದರು, ನಾನು ಅವರಿನ್ನೂ ತಲುಪದ ಕಡೆಯಿಂದ ಪದ ಹೆಕ್ಕಬೇಕಿತ್ತು. ಲಿಫ್ಟ್ ಮೂರು ದಾಟಿತು, ನಾಲ್ಕು ದಾಟಿತು. ಐದರಲ್ಲಿ ಬಾಗಿಲು ತೆರೆಯುವ ಮುಂಚೆ ಮೇಡಂ ಮುಖವನ್ನೇ ನೋಡುತ್ತ ಹೇಳಿದೆ: "ಕ್ವಾಂದೊ ಕಾಂಬಿಯೆ ಎಲ್ ತುರ್ನೊ, ಬಹಾರೆ ಸಿನ್ ದೆಸ್ಪೆದಿರ್ಮೆ."

ಪಾಳಿ ಬದಲಾಗುವಾಗ ಹೇಳದೆ ಇಳಿದು ಹೋಗುತ್ತೇನೆ, ಅಂತ. ಅದು ಯಾವ ಪುಸ್ತಕದಲ್ಲೂ ಇರಲಿಲ್ಲ, ನಾನೇ ಕಟ್ಟಿದ್ದು. ಮೇಡಂ ಟಿಕೆಟ್ಟಿದ್ದ ಚೀಲದ ಮೇಲೆ ಕೈಯಿಟ್ಟುಕೊಂಡು ಇಳಿದುಹೋದರು.

ಸ್ಪೀಕರ್ ಕರಕರ ಅಂದಿತು. "ಮುಯ್ ಬಿಯೆನ್" ಅಂದರು ನಮ್ಮವರು. ತುಂಬಾ ಚೆನ್ನಾಗಿದೆ ಅಂತ. ದನಿಯಲ್ಲಿ ಎಂಥ ಹೆಮ್ಮೆಯೆಂದರೆ ನನ್ನ ಕಣ್ಣು ತುಂಬಿತು. "ಎಷ್ಟು ಸರಾಗವಾಗಿ ಮಾತಾಡ್ತೀಯ. ನಂಗೆ ಒಂದಕ್ಷರಾನೂ ತಿಳೀಲಿಲ್ಲ. ಅರ್ಥ ಹೇಳ್ಬೇಡ, ಕಲಿತೇ ತಿಳ್ಕೋತೀನಿ. ಇನ್ನೊಂದ್ಸಲ ನಿಧಾನಕ್ಕೆ ಹೇಳು, ಬರ್ಕೋತೀನಿ."

ನಾನು ಕ್ಯಾಮೆರಾದ ಕಡೆ ತಿರುಗಿ, ಒಂದೊಂದೇ ಪದ ಬಿಡಿಸಿ, ಮಕ್ಕಳಿಗೆ ಉಕ್ತಲೇಖನ ಹೇಳುವ ಹಾಗೆ ಎರಡು ಸಲ ಹೇಳಿದೆ. ಅವರು ಪ್ರತಿ ಪದಕ್ಕೂ ಹ್ಞೂಂ ಅನ್ನುತ್ತ ಬರೆದುಕೊಂಡರು. ಮೂರು ಗಂಟೆಗೆ ನೆಲಮಾಳಿಗೆಯ ಕೋಣೆಗೆ ಮುಂದಿನ ಪಾಳಿಯವನು ಬಂದ. ನಮ್ಮವರ ಪುಟ ತುಂಬಿಸುವ ಕೆಲಸ ಮುಗಿಯಲು ಯಾವಾಗಲೂ ಹತ್ತು ನಿಮಿಷ ಬೇಕು, ಅಷ್ಟು ಹೊತ್ತು ತಲೆ ಎತ್ತುವುದಿಲ್ಲ. ಹಿಡಿಯನ್ನು ಸಂಜೆ ಪಾಳಿಯ ಲಿಫ್ಟಿನವಳ ಕೈಗೆ ಕೊಟ್ಟು ಮುಂಬಾಗಿಲಿನಿಂದ ನಡೆದುಹೋದೆ.

ಆ ವಾಕ್ಯ ಬಿಡಿಸಲು ಬೇಕಾದದ್ದೆಲ್ಲ ಇಪ್ಪತ್ತೆರಡನೇ ಪಾಠದೊಳಗೆ ಬರುತ್ತದೆ. ಶ್ರದ್ಧೆಯ ಮನುಷ್ಯ, ಆಣೆ ಮುರಿಯುವವರಲ್ಲ. ಇಷ್ಟು ಹೊತ್ತಿಗೆ ಆ ಪಾಠಕ್ಕೆ ಬಂದಿರಬೇಕು.